ಹಳೆಯ ರೀಲ್ ಕ್ಯಾಮೆರಾಗೆ ಡಿಜಿಟಲ್ ಸೆನ್ಸರ್ ಕೂರಿಸುವುದು: ಸಮಗ್ರ ಮಾರ್ಗದರ್ಶಿ

ರೀಲ್ ಕ್ಯಾಮೆರಾದೊಳಗೆ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್ ಕೂರಿಸಲು ಹೊರಟವರಲ್ಲಿ ಹೆಚ್ಚಿನವರು ಮೊದಲು ಕೋಡ್ ಬರೆಯುತ್ತಾರೆ, ಆಮೇಲೆ ತ್ರೀಡಿ ಪ್ರಿಂಟ್ ಮಾಡಿಸುತ್ತಾರೆ. ಎಲ್ಲ ಜೋಡಿಸಿ ಕ್ಲಿಕ್ ಮಾಡಿದರೆ ಬರುವುದು ಮಸುಕು ಮಸುಕಾದ, ಗುಲಾಬಿ ಬಣ್ಣಕ್ಕೆ ತಿರುಗಿದ ಒಂದು ಫೋಟೊ. ಮತ್ತೆ ಕೋಡ್ ತಿದ್ದಲು ಕೂರುತ್ತಾರೆ. ತಪ್ಪು ಕೋಡ್‌ನಲ್ಲಿ ಇರುವುದೇ ಅಪರೂಪ. ಫಿಲ್ಮಿನ ಬದಲು ಬೆಳಕು ಹಿಡಿಯುವ ಸೆನ್ಸರ್ ನಿಲ್ಲಬೇಕಾದ ಜಾಗದಲ್ಲಿ ನಿಂತಿರುವುದಿಲ್ಲ, ಅಷ್ಟೇ.

ಹಾಗಾಗಿ ಇಲ್ಲಿ ಕೆಲಸದ ಕ್ರಮವನ್ನೇ ತಿರುವಿ ಹಾಕಿದ್ದೇನೆ. ಮೊದಲು ಬಾಡಿ, ನಂತರ ಫಿಲ್ಮ್ ನಿಲ್ಲುವ ಜಾಗ, ಅಲ್ಲಿ ಸೆನ್ಸರ್, ಆಮೇಲೆ ಶಟರ್ ಟೈಮಿಂಗ್. ಕೋಡ್ ಕೊನೆಗೆ. ಒಂದು ಹಂತ ಸರಿಯಾಗದೆ ಮುಂದಿನದಕ್ಕೆ ಕೈ ಹಾಕಬೇಡಿ.

## ಶುರು ಮಾಡುವ ಮುನ್ನ ಒಂದು ಲೆಕ್ಕ

35 ಎಂಎಂ ಫಿಲ್ಮಿನ ಒಂದು ಫ್ರೇಮ್ 36×24 ಮಿ.ಮೀ. ರಾಸ್ಪ್‌ಬೆರಿ ಪೈ ಎಚ್‌ಕ್ಯೂ ಕ್ಯಾಮೆರಾದಲ್ಲಿರುವ ಸೋನಿ ಐಎಂಎಕ್ಸ್ 477 ಸೆನ್ಸರ್ ಸುಮಾರು 6.3×4.7 ಮಿ.ಮೀ. ಅಂದರೆ ಫ್ರೇಮಿನ ನಟ್ಟನಡುವಿನ ಒಂದು ಚೂರನ್ನು ಮಾತ್ರ ಅದು ನೋಡುತ್ತದೆ. ಕ್ರಾಪ್ ಸುಮಾರು 5.5 ಪಟ್ಟು. ನಿಮ್ಮ 50 ಎಂಎಂ ಲೆನ್ಸ್ ಇಲ್ಲಿ 275 ಎಂಎಂ ಟೆಲಿಯಂತೆ ವರ್ತಿಸುತ್ತದೆ, 28 ಎಂಎಂ ವೈಡ್ ಲೆನ್ಸ್ ಕೂಡ 154 ಎಂಎಂ ಆಗುತ್ತದೆ. ಮನೆಯ ಹಾಲ್‌ನಲ್ಲಿ ನಿಂತು ಇಡೀ ಕುಟುಂಬದ ಗ್ರೂಪ್ ಫೋಟೊ ತೆಗೆಯುವ ಆಸೆ ಇದ್ದರೆ ಇಲ್ಲಿಗೇ ಬಿಡಿ.

ಪೂರ್ತಿ ಫ್ರೇಮ್ ಬೇಕೆಂದು ಹಳೆಯ ಮಿರರ್‌ಲೆಸ್ (ಒಳಗೆ ಕನ್ನಡಿಯಿಲ್ಲದ ಡಿಜಿಟಲ್) ಕ್ಯಾಮೆರಾ ಬಿಚ್ಚಿ ಅದರ ದೊಡ್ಡ ಸೆನ್ಸರನ್ನು ಹೊರತೆಗೆಯುವವರಿದ್ದಾರೆ. ಆಗುತ್ತದೆ, ಆದರೆ ರಿಬ್ಬನ್ ಕೇಬಲ್‌ಗಳು ಗಿಡ್ಡ, ಬೋರ್ಡ್‌ಗಳು ದೊಡ್ಡವು. ಮೊದಲ ಪ್ರಯತ್ನಕ್ಕೆ ಅದು ತಕ್ಕ ಕೆಲಸವಲ್ಲ. ಹಳೆಯ ಲೆನ್ಸಿನ ಸೊಗಸು ಮಾತ್ರ ಸಾಕು ಎನ್ನುವವರು ಒಂದು ಅಡಾಪ್ಟರ್ ಕೊಂಡು ಅದೇ ಲೆನ್ಸನ್ನು ಮಿರರ್‌ಲೆಸ್ ಕ್ಯಾಮೆರಾಗೆ ಹಾಕಿಕೊಳ್ಳಲಿ. ಕಡಿಮೆ ಖರ್ಚು, ಒಳ್ಳೆಯ ಫೋಟೊ. ಇಷ್ಟಾದ ಮೇಲೂ ಲಿವರ್ ಎಳೆದು ಕ್ಲಿಕ್ ಮಾಡುವ ಆ ಬಾಡಿಯೇ ಬೇಕು ಎನ್ನುವವರಿಗೆ ಮುಂದಿನ ಹಂತಗಳು.

## ಬೇಕಾಗುವ ಸಾಮಾನು

ಎಲೆಕ್ಟ್ರಾನಿಕ್ಸ್: ರಾಸ್ಪ್‌ಬೆರಿ ಪೈ ಝೀರೊ 2 ಡಬ್ಲ್ಯು, ಎಚ್‌ಕ್ಯೂ ಕ್ಯಾಮೆರಾ ಮಾಡ್ಯೂಲ್, ಎಸ್‌ಡಿ ಕಾರ್ಡ್, ಒಂದು ಎಲ್‌ಇಡಿ, ಒಂದು ಪುಶ್ ಬಟನ್. ಇವುಗಳನ್ನು ಜೋಡಿಸುವ ರಿಬ್ಬನ್ ಕೇಬಲ್ ಬಗ್ಗೆ ಎಚ್ಚರ: ಕ್ಯಾಮೆರಾ ಬದಿಯಲ್ಲಿ 15 ಪಿನ್, ಝೀರೊ ಬದಿಯಲ್ಲಿ 22 ಪಿನ್. ಡಬ್ಬದೊಳಗೆ ಬರುವ ಕೇಬಲ್ ಝೀರೊಗೆ ಹೊಂದದಿರಬಹುದು, ಝೀರೊ ಕೇಬಲನ್ನು ಕೇಳಿ ತೆಗೆದುಕೊಳ್ಳಿ. ಬೆಂಗಳೂರಿನವರಿಗೆ ಎಸ್‌.ಪಿ. ರೋಡಿನಲ್ಲಿ ಇವೆಲ್ಲ ಸಿಗುತ್ತವೆ.

ಕೈ ಸಾಮಾನು: ಡೆಪ್ತ್ ಕಡ್ಡಿ ಇರುವ ವರ್ನಿಯರ್ ಕ್ಯಾಲಿಪರ್, ಮಲ್ಟಿಮೀಟರ್, 1.5 ಮಿ.ಮೀ. ಆಲೆನ್ ಕೀ ಎರಡು, ಎಂ2 ಸ್ಕ್ರೂ ಮತ್ತು ಸಣ್ಣ ಸ್ಪ್ರಿಂಗ್ ಮೂರು ಜೊತೆ, ಭೂತಗನ್ನಡಿ, ಗಾಳಿ ಊದುವ ಬ್ಲೋವರ್, ಬಿ ಮೋಡ್‌ಗೆ (ಬಟನ್ ಒತ್ತಿ ಹಿಡಿದಷ್ಟು ಹೊತ್ತೂ ಶಟರ್ ತೆರೆದಿರುವ ವ್ಯವಸ್ಥೆ) ಕೇಬಲ್ ರಿಲೀಸ್ (ಆ ಬಟನ್ ಒತ್ತಿ ಹಿಡಿಯುವ ತಂತಿ). ಕ್ಯಾಲಿಪರ್ ಇಲ್ಲದೆ ಕಣ್ಣಂದಾಜಿನಲ್ಲಿ ಮಾಡುತ್ತೇನೆ ಎಂದರೆ ಆಗುವುದಿಲ್ಲ.

## ಹಂತ 1: ಬಾಡಿಯ ಆಯ್ಕೆ

ಬ್ಯಾಟರಿ ಇಲ್ಲದೆಯೂ ಶಟರ್ ಓಡುವ, ಬಿ ಮೋಡ್ ಇರುವ, ಫ್ಲ್ಯಾಶ್‌ಗೆ ಎಕ್ಸ್ ಸಿಂಕ್ ಸಂಪರ್ಕ (ಶಟರ್ ತೆರೆದಾಗ ಫ್ಲ್ಯಾಶ್‌ಗೆ ಸೂಚನೆ ಕೊಡುವುದು) ಇರುವ ಎಸ್‌ಎಲ್‌ಆರ್ (ಲೆನ್ಸ್ ಮೂಲಕವೇ ನೋಡಿ ಕ್ಲಿಕ್ ಮಾಡುವ ಕ್ಯಾಮೆರಾ) ಬೇಕು. ಪೆಂಟ್ಯಾಕ್ಸ್ ಕೆ1000, ನಿಕಾನ್ ಎಫ್‌ಎಂ, ಮಿನೋಲ್ಟಾ ಎಸ್‌ಆರ್‌ಟಿ 101 ಈ ಜಾತಿಯವು. ಎಲೆಕ್ಟ್ರಾನಿಕ್ ಶಟರಿನ ಬಾಡಿಗಳಲ್ಲಿ ಬಿ ಒತ್ತಿ ಹಿಡಿದಷ್ಟು ಹೊತ್ತೂ ಬ್ಯಾಟರಿ ಕರಗುತ್ತಿರುತ್ತದೆ, ಅವು ಬೇಡ.

ಒಂದು ಕಾಲಕ್ಕೆ ಮನೆಮನೆಯಲ್ಲಿದ್ದ ಸಣ್ಣ ಕಾಂಪ್ಯಾಕ್ಟ್ ಕ್ಯಾಮೆರಾಗಳು ಈ ಕೆಲಸಕ್ಕೆ ಒಗ್ಗುವುದಿಲ್ಲ. ಶಟರ್ ಲೆನ್ಸಿನೊಳಗೆ, ಬಿ ಮೋಡ್ ಇಲ್ಲ, ಒಳಗೆ ಜಾಗವೂ ಇಲ್ಲ. ಅದಕ್ಕಿಂತ ಮುಖ್ಯವಾಗಿ, ಫ್ಲ್ಯಾಶ್ ಇರುವ ಕಾಂಪ್ಯಾಕ್ಟ್‌ನ ಕೆಪಾಸಿಟರ್‌ನಲ್ಲಿ ಸೆಲ್ ತೆಗೆದ ಮೇಲೂ 300 ವೋಲ್ಟ್ ಆಸುಪಾಸು ಉಳಿದಿರಬಹುದು. ಅದನ್ನು ಬಿಚ್ಚಲೇ ಹೋಗಬೇಡಿ.

ಸಂಡೇ ಬಜಾರಿನಲ್ಲಾಗಲಿ ಅಟ್ಟದ ಮೇಲಾಗಲಿ ಸಿಕ್ಕಿದ ಬಾಡಿಯಲ್ಲಿ ಮೂರು ವಿಷಯ ನೋಡಿ. ಬಿ ಮೋಡ್‌ನಲ್ಲಿ ಬಟನ್ ಒತ್ತಿದಾಗ ಶಟರ್ ಪರದೆ ಪೂರ್ತಿ ತೆರೆದು ಬಿಟ್ಟಾಗ ಮುಚ್ಚುತ್ತದೆಯೇ? ಬಾಗಿಲಿನ ಅಂಚಿನ ಕಪ್ಪು ಸ್ಪಂಜು ಅಂಟಂಟಾಗಿದೆಯೇ? ಆಗಿದ್ದರೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಐಸ್‌ಕ್ರೀಮ್ ಕಡ್ಡಿಯಿಂದ ಈಗಲೇ ಕೆರೆದು ತೆಗೆಯಿರಿ, ಇಲ್ಲದಿದ್ದರೆ ಆ ಪುಡಿ ನಾಳೆ ಸೆನ್ಸರ್ ಮೇಲೆ ಬೀಳುತ್ತದೆ. ಮೂರನೆಯದು ಲೆನ್ಸ್: ಕರಾವಳಿ, ಮಲೆನಾಡಿನ ಮನೆಗಳಲ್ಲಿ ಮಳೆಗಾಲ ಕಂಡ ಲೆನ್ಸ್‌ಗಳಲ್ಲಿ ಫಂಗಸ್ ಸಾಮಾನ್ಯ. ಹಿಂದಿನಿಂದ ಟಾರ್ಚ್ ಹಿಡಿದು ನೋಡಿದರೆ ಬೇರಿನಂಥ ಎಳೆಗಳು ಕಾಣುತ್ತವೆ. ಫಿಲ್ಮಿನಲ್ಲಿ ಅಷ್ಟಾಗಿ ತೋರದ ಈ ಮಬ್ಬು ಚಿಕ್ಕ ಸೆನ್ಸರ್‌ನಲ್ಲಿ ಎದ್ದು ಕಾಣುತ್ತದೆ.

## ಹಂತ 2: ಫಿಲ್ಮ್ ಪ್ಲೇನ್ ಗುರುತಿಸುವುದು

ಬಾಗಿಲು ತೆರೆದರೆ ಫ್ರೇಮ್ ಕಿಂಡಿಯ ಮೇಲೆ ಮತ್ತು ಕೆಳಗೆ ಎರಡೆರಡು ಹಳಿಗಳು ಕಾಣುತ್ತವೆ. ಕಿಂಡಿಗೆ ಹತ್ತಿರದ ಒಳಹಳಿಗಳ ಮೇಲೆ ಫಿಲ್ಮ್ ಕೂರುತ್ತದೆ. ಹೊರಹಳಿಗಳು ಕೂದಲೆಳೆಯಷ್ಟು ಎತ್ತರ, ಅವುಗಳ ಮೇಲೆ ಬಾಗಿಲಿನ ಒತ್ತುಪಟ್ಟಿ ನಿಲ್ಲುತ್ತದೆ. ಬಹಳ ಮಂದಿ ಅಳತೆಯನ್ನು ಹೊರಹಳಿಯಿಂದ ತೆಗೆದು ಮೊದಲ ಹೆಜ್ಜೆಯಲ್ಲೇ ದಾರಿ ತಪ್ಪುತ್ತಾರೆ. ನಿಮ್ಮ ಎಲ್ಲ ಅಳತೆಯೂ ಒಳಹಳಿಯಿಂದಲೇ ಇರಲಿ. ಬಾಡಿಯ ಮೇಲ್ಭಾಗದಲ್ಲಿ ವೃತ್ತವನ್ನು ಗೆರೆ ಸೀಳಿದಂಥ ಗುರುತು ಇದ್ದರೆ ಅದೂ ಇದೇ ಪ್ಲೇನ್, ಆದರೆ ಅದು ಅಂದಾಜಿಗೆ ಮಾತ್ರ.

ಈಗ ಬಾಡಿಯ ಫೋಕಸ್ ಸರಿಯಿದೆಯೇ ಎಂದು ಪರೀಕ್ಷಿಸಬೇಕು. ಫೋಟೊ ಫ್ರೇಮ್ ಅಂಗಡಿಯಲ್ಲಿ 33×50 ಮಿ.ಮೀ. ಗಾಜಿನ ತುಂಡು ಕತ್ತರಿಸಿಸಿಕೊಳ್ಳಿ. ಹೊರಹಳಿಗಳ ನಡುವೆ ಇಳಿದು ಒಳಹಳಿಗಳ ಮೇಲೆ ಅದು ಚಪ್ಪಟೆಯಾಗಿ ಕೂರಬೇಕು. ಒಂದು ಮುಖಕ್ಕೆ ಮಂಜುಬಣ್ಣದ ಮ್ಯಾಟ್ ಟೇಪನ್ನು ಗುಳ್ಳೆ ಬಾರದಂತೆ ಅಂಟಿಸಿ, ಆ ಮುಖವನ್ನು ಲೆನ್ಸಿನ ಕಡೆಗೆ ಇಡಿ. ಶಟರನ್ನು ಬಿ ಮೋಡ್‌ನಲ್ಲಿ ತೆರೆದು ಕೇಬಲ್ ರಿಲೀಸ್ ಲಾಕ್ ಮಾಡಿ, ಲೆನ್ಸಿನ ಅಪರ್ಚರ್ (ಬೆಳಕು ಹಾಯುವ ಕಿಂಡಿ) ಪೂರ್ತಿ ತೆರೆದು, ದೂರದ ಮೊಬೈಲ್ ಟವರನ್ನೋ ನೀರಿನ ಟ್ಯಾಂಕನ್ನೋ ಭೂತಗನ್ನಡಿಯಲ್ಲಿ ನೋಡಿ. ತಲೆಕೆಳಗಾದ ಚಿತ್ರ ಟೇಪಿನ ಮೇಲೆ ಮೂಡುತ್ತದೆ. ಲೆನ್ಸಿನ ಫೋಕಸ್ ಉಂಗುರ ಇನ್ಫಿನಿಟಿಗೆ (ಅತಿ ದೂರದ ಗುರುತಿಗೆ) ತಾಗಿದಾಗ ಅದು ಚೂಪಾಗಿರಬೇಕು.

ಬಟರ್ ಪೇಪರ್ ಬಳಸಬೇಡಿ, ನಡುವೆ ಬಳುಕಿ ಸುಳ್ಳು ಹೇಳುತ್ತದೆ. ಈ ಪರೀಕ್ಷೆಯಲ್ಲಿ ಬಾಡಿ ಅಥವಾ ಲೆನ್ಸ್ ಫೇಲಾದರೆ ಅದನ್ನು ಬದಿಗಿಟ್ಟು ಬೇರೆ ಹುಡುಕಿ. ಮುಂದಿನ ಹಂತಗಳಿಂದ ಅದು ರಿಪೇರಿಯಾಗುವುದಿಲ್ಲ.

## ಹಂತ 3: ಸೆನ್ಸರ್ ಬಿಚ್ಚುವುದು

ಎಚ್‌ಕ್ಯೂ ಮಾಡ್ಯೂಲ್‌ನ ಮುಂದೆ ಲೆನ್ಸ್ ಸಿಕ್ಕಿಸುವ ದಪ್ಪ ಲೋಹದ ಕವಚ ಇರುತ್ತದೆ. ಅದು ಇದ್ದರೆ ಸೆನ್ಸರ್ ಫಿಲ್ಮ್ ಪ್ಲೇನ್ ತಲುಪುವುದೇ ಇಲ್ಲ. ಬೋರ್ಡಿನ ಹಿಂದಿನ ಎರಡು ಸ್ಕ್ರೂಗಳನ್ನು ಆಲೆನ್ ಕೀಯಿಂದ ಬಿಚ್ಚಿದರೆ ಕವಚ ಕೈಗೆ ಬರುತ್ತದೆ. ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ, ಬೋರ್ಡನ್ನು ಮುಖ ಕೆಳಗೆ ಮಾಡಿ ಹಿಡಿದು ಬಿಚ್ಚಿ. ಒಮ್ಮೆ ತೆರೆದ ಮೇಲೆ ಸೆನ್ಸರ್ ಗಾಜಿಗೆ ಬೆರಳು ಬೇಡ, ಬಾಯಿಂದ ಊದುವುದೂ ಬೇಡ.

ಗುಲಾಬಿ ಫೋಟೊಗಳ ಮೂಲ ಇಲ್ಲೇ ಇದೆ. ಇನ್‌ಫ್ರಾರೆಡ್ ತಡೆಯುವ ಫಿಲ್ಟರ್ ಆ ಕವಚದೊಳಗೇ ಅಂಟಿಕೊಂಡಿರುತ್ತದೆ. ಕವಚದ ಜೊತೆ ಅದೂ ಹೋಯಿತು. ಬರಿಗಣ್ಣಿಗೆ ಕಾಣದ ಬೆಳಕೆಲ್ಲ ಈಗ ಸೆನ್ಸರ್‌ಗೆ ಬೀಳುತ್ತದೆ, ಹಸಿರು ಗಿಡ ಕೆಂಪಾಗುತ್ತದೆ, ಕಪ್ಪು ಬಟ್ಟೆ ನೇರಳೆಯಾಗುತ್ತದೆ. ವೈಟ್ ಬ್ಯಾಲೆನ್ಸ್ ತಿದ್ದಿ ಇದನ್ನು ಸರಿಮಾಡಲು ಬರುವುದಿಲ್ಲ.

ಪರಿಹಾರ ಎರಡು. ಚಿಕ್ಕ ಫಿಲ್ಟರ್ ತುಂಡನ್ನು ಸೆನ್ಸರ್ ಮುಂದೆ ಇಡಬಹುದು, ಆದರೆ ಲೆನ್ಸ್ ಮತ್ತು ಸೆನ್ಸರ್ ನಡುವೆ ಗಾಜು ಬಂದರೆ ಅದರ ದಪ್ಪದ ಸುಮಾರು ಮೂರನೇ ಒಂದು ಭಾಗದಷ್ಟು ಫೋಕಸ್ ಹಿಂದೆ ಸರಿಯುತ್ತದೆ. 1 ಮಿ.ಮೀ. ಗಾಜಿಗೆ 0.33 ಮಿ.ಮೀ. ನನ್ನ ಒಲವು ಎರಡನೆಯದಕ್ಕೆ: ಲೆನ್ಸಿನ ಮುಂದೆ ತಿರುಗಿಸಿ ಹಾಕುವ ಯುವಿ-ಐಆರ್ ಕಟ್ ಫಿಲ್ಟರ್. ದುಬಾರಿ, ಆದರೆ ಫೋಕಸ್ ಲೆಕ್ಕ ಕೆಡುವುದಿಲ್ಲ. ಕೊಳ್ಳುವಾಗ ಐಆರ್ ಕಟ್ ಎಂದು ಬರೆದಿದೆಯೇ ನೋಡಿ, ಸಾಮಾನ್ಯ ಯುವಿ ಫಿಲ್ಟರ್ ಪ್ರಯೋಜನಕ್ಕೆ ಬಾರದು.

## ಹಂತ 4: ಡಮ್ಮಿ ಕೂರಿಸಿ ಶಟರ್ ಪರೀಕ್ಷೆ

ಸೆನ್ಸರಿನ ಬೆಳಕು ಹಿಡಿಯುವ ಮುಖ ಫಿಲ್ಮ್ ಪ್ಲೇನ್‌ನಲ್ಲಿ ನಿಂತಾಗ ಅದರ ಮೇಲಿನ ಕಾವಲು ಗಾಜು ಶಟರ್ ಪರದೆಯ ಕಡೆಗೆ ಸ್ವಲ್ಪ ಚಾಚಿಕೊಳ್ಳುತ್ತದೆ. ಪರದೆ ಅದಕ್ಕೆ ತಾಗಿದರೆ ಎರಡೂ ಹಾಳು. ಅದಕ್ಕೇ ಅಸಲಿ ಸೆನ್ಸರ್ ಇಡುವ ಮುಂಚೆ ಅಷ್ಟೇ ಅಗಲ, ಅಷ್ಟೇ ದಪ್ಪದ ರಟ್ಟಿನ ಡಮ್ಮಿ ಕತ್ತರಿಸಿ ಅದೇ ಜಾಗಕ್ಕೆ ಅಂಟಿಸಿ, ಲೆನ್ಸ್ ತೆಗೆದು, ಎಲ್ಲ ವೇಗಗಳಲ್ಲೂ ಹಲವು ಸಲ ಶಟರ್ ಬಿಡಿ. ರಟ್ಟಿನ ಅಂಚಿನಲ್ಲಿ ಉಜ್ಜಿದ ಗುರುತು ಬಿದ್ದಿದ್ದರೆ ಆ ಬಾಡಿ ಈ ಸೆನ್ಸರ್‌ಗೆ ಆಗದು. ಐದು ನಿಮಿಷದ ಕೆಲಸ, ಆದರೂ ಎಲ್ಲರೂ ಬಿಟ್ಟುಬಿಡುವ ಹಂತ ಇದೇ.

## ಹಂತ 5: ಸೆನ್ಸರ್ ಕೂರಿಸಿ ಫೋಕಸ್ ತರುವುದು

ಇಡೀ ಕೆಲಸದ ಜೀವಾಳ ಇಲ್ಲಿದೆ. ಇದಕ್ಕೆ ಬೇಕಾದಷ್ಟು ಸಮಯ ಕೊಡಿ.

ಎಚ್‌ಕ್ಯೂ ಬೋರ್ಡ್ 38 ಮಿ.ಮೀ. ಚೌಕ. ಅದು ಹಳಿಗಳ ನಡುವೆ ಇಳಿಯುವುದಿಲ್ಲ, ಹಿಂದೆಯೇ ನಿಲ್ಲುತ್ತದೆ. ಬೋರ್ಡಿನಿಂದ ಮುಂದೆ ಚಾಚಿರುವ ಸೆನ್ಸರ್ ಮಾತ್ರ ಕಿಂಡಿಯತ್ತ ಹೋಗಬೇಕು. 2 ಮಿ.ಮೀ. ಅಲ್ಯೂಮಿನಿಯಂ ಅಥವಾ ಅಕ್ರಿಲಿಕ್ ತಟ್ಟೆಯಲ್ಲಿ ಸೆನ್ಸರ್ ಹಾಯುವಷ್ಟು ತೂತು ಮಾಡಿ, ತಟ್ಟೆಯನ್ನು ಬಾಡಿಗೆ ಭದ್ರ ಮಾಡಿ. ಬೋರ್ಡನ್ನು ತಟ್ಟೆಗೆ ನೇರ ಬಿಗಿಯಬೇಡಿ. ಮೂರು ಎಂ2 ಸ್ಕ್ರೂ, ಪ್ರತಿಯೊಂದಕ್ಕೂ ನಡುವೆ ಒಂದು ಸ್ಪ್ರಿಂಗ್. ನಾಲ್ಕು ಮೂಲೆಗೂ ಸ್ಕ್ರೂ ಹಾಕಿದರೆ ಒಂದನ್ನು ತಿರುಗಿಸಿದಾಗ ಬೋರ್ಡ್ ಸೊಟ್ಟಗಾಗುತ್ತದೆ. ಮೂರು ಕಾಲಿನ ಮಣೆ ಎಲ್ಲಿಟ್ಟರೂ ಕುಂಟದು, ಹಾಗೆಯೇ ಇದು.

ಎಂ2 ಸ್ಕ್ರೂ ಒಂದು ಸುತ್ತಿಗೆ 0.4 ಮಿ.ಮೀ. ಸರಿಯುತ್ತದೆ. ಎಂಟನೇ ಒಂದು ಸುತ್ತೆಂದರೆ 50 ಮೈಕ್ರಾನ್. ಸೆನ್ಸರ್ ಎಷ್ಟು ಸರಿಯಬೇಕು ಎಂದು ತಿಳಿಯುವುದು ಹೇಗೆ? 50 ಎಂಎಂ ಲೆನ್ಸನ್ನು ಇನ್ಫಿನಿಟಿಗೆ ಇಟ್ಟು, ಶಟರನ್ನು ಬಿ ಮೋಡ್‌ನಲ್ಲಿ ತೆರೆದಿಟ್ಟು, ಪೈಯನ್ನು ಟಿವಿಗೆ ಜೋಡಿಸಿ ಲೈವ್ ಚಿತ್ರ ನೋಡಿ (ಹಂತ 7ರ ಓಎಸ್ ಹಾಕುವ ಕೆಲಸವನ್ನಷ್ಟೇ ಇದಕ್ಕೆ ಮೊದಲು ಮುಗಿಸಿಕೊಳ್ಳಿ).

ಇನ್ಫಿನಿಟಿಗಿಟ್ಟಾಗ ಹತ್ತಿರದ ವಸ್ತು ಚೂಪಾಗಿ ದೂರದ್ದು ಮಸುಕಾದರೆ ಸೆನ್ಸರ್ ತೀರ ಹಿಂದಿದೆ. 10 ಮೀಟರ್ ದೂರದ್ದು ಚೂಪಾಗಿದ್ದರೆ 0.25 ಮಿ.ಮೀ., 5 ಮೀಟರಿನದ್ದಾದರೆ 0.5 ಮಿ.ಮೀ., 3 ಮೀಟರಿನದ್ದಾದರೆ 0.85 ಮಿ.ಮೀ. ಮುಂದಕ್ಕೆ ತರಬೇಕು. ತಿರುವುಮುರುವೂ ಆಗಬಹುದು: ದೂರದ ಟವರ್ ಚೂಪಾಗುವುದು ಲೆನ್ಸನ್ನು 5 ಮೀಟರ್ ಗುರುತಿಗೆ ತಿರುಗಿಸಿದಾಗ ಎಂದಾದರೆ ಸೆನ್ಸರ್ ಮುಂದಿದೆ, ಅದೇ 0.5 ಮಿ.ಮೀ. ಹಿಂದಕ್ಕೆ, ಅಂದರೆ ಒಂದೂ ಕಾಲು ಸುತ್ತು. ಮೂರೂ ಸ್ಕ್ರೂಗಳನ್ನು ಸಮನಾಗಿ ತಿರುಗಿಸಿ. ಸ್ಕ್ರೂ ತಲೆಯ ಮೇಲೆ ಪರ್ಮನೆಂಟ್ ಮಾರ್ಕರ್‌ನಿಂದ ಒಂದು ಚುಕ್ಕಿ ಇಟ್ಟುಕೊಂಡರೆ ಎಷ್ಟು ತಿರುಗಿಸಿದಿರಿ ಎಂಬುದು ಮರೆಯುವುದಿಲ್ಲ.

ದೂರ ಸರಿಯಾದ ಮೇಲೆ ವಾಲಿಕೆ. ಗೋಡೆಗೆ ದಿನಪತ್ರಿಕೆಯ ಹಾಳೆ ಅಂಟಿಸಿ, ಕ್ಯಾಮೆರಾ ಅದಕ್ಕೆ ನೇರ ಎದುರಿಗಿರಲಿ. ಎಡ ಅಕ್ಷರ ಚೂಪು, ಬಲ ಮಸುಕು ಎಂದರೆ ಒಂದೇ ಸ್ಕ್ರೂ ತಿದ್ದಿ: ಲೆನ್ಸ್ ಎಡಬಲ ತಿರುವುಮುರುವು ಮಾಡುವುದರಿಂದ, ಕ್ಯಾಮೆರಾದ ಹಿಂದಿನಿಂದ ನೋಡಿದಾಗ ಅದು ಎಡಬದಿಯದು. ಕಡೆಯ ಸೂಕ್ಷ್ಮ ಹೊಂದಾಣಿಕೆಗೆ ಸ್ಕ್ರೂ ಕೂಡ ಒರಟು ಎನಿಸಿದರೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಚೂರನ್ನು ಅಡಿಗೆ ಸೇರಿಸಿ, ಒಂದು ಪದರ 10ರಿಂದ 18 ಮೈಕ್ರಾನ್ ಇರುತ್ತದೆ. ಬೋರ್ಡಿನ ಹಿಂದಿನ ಬೆಸುಗೆ ಚುಕ್ಕಿಗಳಿಗೆ ಫಾಯಿಲ್ ತಾಗದಂತೆ ನೋಡಿಕೊಳ್ಳಿ, ಶಾರ್ಟ್ ಆದರೆ ಮಾಡ್ಯೂಲ್ ಹೋಯಿತು.

ಇಷ್ಟು ಸೂಕ್ಷ್ಮ ಯಾಕೆ? ಫಿಲ್ಮಿಗೆ ಎಫ್ 2ರಲ್ಲಿ (ಎಫ್ ಸಂಖ್ಯೆ ಹೆಚ್ಚಿದಷ್ಟೂ ಅಪರ್ಚರ್ ಕಿರಿದು) 60 ಮೈಕ್ರಾನ್ ಹಿಂದೆಮುಂದೆ ಆದರೂ ನಡೆಯುತ್ತಿತ್ತು. ಈ ಸೆನ್ಸರಿನ ಪಿಕ್ಸೆಲ್ 1.55 ಮೈಕ್ರಾನ್, ಇಲ್ಲಿ ಎಫ್ 2ರಲ್ಲಿ ಸಿಗುವ ಸಲಿಗೆ 3 ಮೈಕ್ರಾನ್‌ನಷ್ಟು. ಎಫ್ 5.6ಕ್ಕೆ ಇಳಿಸಿದರೆ ಉಸಿರಾಡಬಹುದು. ಎಫ್ 8, 11ಕ್ಕೆ ಹೋದರೆ ಡಿಫ್ರಾಕ್ಷನ್‌ನಿಂದ (ಕಿರಿದಾದ ಕಿಂಡಿಯಲ್ಲಿ ಬೆಳಕು ಹರಡುವುದರಿಂದ) ಮತ್ತೆ ಮಸುಕು. ಹಾಗಾಗಿ ಈ ಕ್ಯಾಮೆರಾದಲ್ಲಿ ಎಫ್ 4 ಮತ್ತು 5.6 ಬಿಟ್ಟು ಆಚೀಚೆ ಹೋಗುವ ಅಗತ್ಯ ಕಡಿಮೆ. ಹಳೆಯ ಲೆನ್ಸ್‌ಗಳಿಗೆ ಅಷ್ಟು ಸಣ್ಣ ಪಿಕ್ಸೆಲ್ ತುಂಬುವ ಶಕ್ತಿಯೂ ಇಲ್ಲ. 4056×3040 ಬದಲು 2028×1520 ಮೋಡ್ ಬಳಸಿದರೆ ನಿಜವಾಗಿ ಕಳೆದುಕೊಳ್ಳುವುದು ಬಹಳ ಕಡಿಮೆ.

## ಹಂತ 6: ಶಟರ್ ಟೈಮಿಂಗ್

ಕ್ಯಾಮೆರಾದ 1/125 ಸೆಕೆಂಡ್ ಶಟರ್ ತೆರೆದ ಆ ಕ್ಷಣವನ್ನು ಪೈ ಹಿಡಿಯುತ್ತದೆ ಎಂದು ನಂಬಿ ಸೋಲುವವರು ಬಹಳ. ಎಕ್ಸ್ ಸಂಪರ್ಕ ಕೂಡುವುದು ಮೊದಲ ಪರದೆ ಪೂರ್ತಿ ತೆರೆದ ಮೇಲೆ. ಆ ಸುದ್ದಿ ಪೈಗೆ ಮುಟ್ಟಿ ಅದು ಫ್ರೇಮ್ ತೆಗೆಯುವಷ್ಟರಲ್ಲಿ ಎರಡನೇ ಪರದೆ ಮುಚ್ಚಿಯಾಗಿರುತ್ತದೆ. ಕಪ್ಪು ಅಥವಾ ಅರ್ಧ ಕಪ್ಪು ಚಿತ್ರ ಬರುವುದು ಇದಕ್ಕೇ.

ಸುಲಭ ದಾರಿ: ಕ್ಯಾಮೆರಾ ಬಿ ಮೋಡ್‌ನಲ್ಲಿ ಇರಲಿ, ಎಕ್ಸ್‌ಪೋಶರ್ ಸೆನ್ಸರ್ ನೋಡಿಕೊಳ್ಳಲಿ. ಕ್ಯಾಮೆರಾದ ಶಟರ್ ಬಟನ್ ಒತ್ತಿ ಹಿಡಿದಾಗ ಎಕ್ಸ್ ಸಂಪರ್ಕ ಕೂಡುತ್ತದೆ, ಪೈ ಮೊದಲ ಎರಡು ಫ್ರೇಮ್ ಎಸೆದು ಮೂರನೆಯದನ್ನು ಉಳಿಸುತ್ತದೆ, ಎಲ್‌ಇಡಿ ಹೊತ್ತುತ್ತದೆ, ನೀವು ಬೆರಳು ಬಿಡುತ್ತೀರಿ.

ಹಾಟ್ ಶೂ (ಮೇಲೆ ಫ್ಲ್ಯಾಶ್ ಸಿಕ್ಕಿಸುವ ಜಾಗ) ನಡುಬಿಂದು ಅಥವಾ ಸಿಂಕ್ ಸಾಕೆಟ್‌ನಿಂದ ಒಂದು ತಂತಿ ಪೈಯ ಜಿಪಿಐಒ (ಹೊರಗಿನ ಸಂಕೇತ ಓದುವ) ಪಿನ್‌ಗೆ, ಬಾಡಿಯ ಲೋಹದಿಂದ ಇನ್ನೊಂದು ಗ್ರೌಂಡ್‌ಗೆ. ಸಾಕೆಟ್‌ಗಳಲ್ಲಿ ಎಂ ಮತ್ತು ಎಕ್ಸ್ ಎರಡಿದ್ದರೆ ಎಕ್ಸ್ ಹಿಡಿಯಿರಿ, ಎಂ ಹಳೆಯ ಫ್ಲ್ಯಾಶ್ ಬಲ್ಬ್‌ಗಳಿಗೆ. ತಂತಿ ಬೆಸೆಯುವ ಮೊದಲು ಮಲ್ಟಿಮೀಟರನ್ನು ಬೀಪ್ ಮೋಡ್‌ಗಿಟ್ಟು, ಬಿ ಒತ್ತಿ ಹಿಡಿದಷ್ಟು ಹೊತ್ತೂ ಬೀಪ್ ಬರುತ್ತದೆಯೇ ಕೇಳಿಸಿಕೊಳ್ಳಿ. ತಡೆತಡೆದು ಬಂದರೆ ಸಂಪರ್ಕಕ್ಕೆ ಕಿಲುಬು ಹಿಡಿದಿದೆ.

ಎಚ್ಚರಿಕೆ: ಈ ತಂತಿ ಜೋಡಿಸಿದ ಮೇಲೆ ಆ ಕ್ಯಾಮೆರಾಗೆ ಫ್ಲ್ಯಾಶ್ ಹಾಕಲೇಬಾರದು. ಪೈಯ ಪಿನ್ 3.3 ವೋಲ್ಟಿನದು. ಹಳೆಯ ಫ್ಲ್ಯಾಶ್‌ಗಳ ಟ್ರಿಗರ್‌ನಲ್ಲಿ ನೂರಾರು ವೋಲ್ಟ್ ಇರುವುದುಂಟು.

## ಹಂತ 7: ಪೈ ಮತ್ತು ಕೋಡ್

ರಾಸ್ಪ್‌ಬೆರಿ ಪೈ ಓಎಸ್‌ನ ಲೈಟ್ ಆವೃತ್ತಿಯನ್ನೇ ಹಾಕಿ. ಝೀರೊ 2 ಡಬ್ಲ್ಯುನಲ್ಲಿ ಇರುವುದು 512 ಎಂಬಿ ಮೆಮೊರಿ. ಡೆಸ್ಕ್‌ಟಾಪ್ ಹಾಕಿ ಪೂರ್ಣ ರೆಸಲ್ಯೂಶನ್ ಕೇಳಿದರೆ ಮೆಮೊರಿ ಸಾಲದೆಂಬ ಎರರ್ ಬಂದು ನಿಲ್ಲುತ್ತದೆ. ಕೋಡ್‌ಗೆ ಪೈಥಾನ್‌ನ ಪೈಕ್ಯಾಮೆರಾ2 ಲೈಬ್ರರಿ ಸಾಕು.

ಕೋಡ್‌ನಲ್ಲಿ ಗಮನಿಸಬೇಕಾದ್ದು ಒಂದೇ. ಆಟೋ ಎಕ್ಸ್‌ಪೋಶರ್, ಆಟೋ ವೈಟ್ ಬ್ಯಾಲೆನ್ಸ್ ಎರಡನ್ನೂ ಆಫ್ ಮಾಡಿ. ಶಟರ್ ಮುಚ್ಚಿರುವಷ್ಟು ಹೊತ್ತು ಸೆನ್ಸರ್ ಕಗ್ಗತ್ತಲನ್ನು ನೋಡುತ್ತಾ ಗೇನ್ (ಸಂಕೇತವನ್ನು ಹಿಗ್ಗಿಸುವ ಪ್ರಮಾಣ) ಏರಿಸಿಕೊಂಡು ಕೂತಿರುತ್ತದೆ. ಪರದೆ ತೆರೆದ ತಕ್ಷಣ ಚಿತ್ರ ಬೆಳ್ಳಗೆ ಉರಿದುಹೋಗುತ್ತದೆ. ಗೇನ್ 1, ಎಕ್ಸ್‌ಪೋಶರ್ ಸಮಯ, ಬಣ್ಣದ ಗೇನ್ ಮೂರನ್ನೂ ನೀವೇ ಕೊಡಿ. ಬಿಸಿಲು, ನೆರಳು, ಮನೆಯೊಳಗೆ ಎಂದು ಮೂರು ಸೆಟ್ ಮಾಡಿ ಪುಶ್ ಬಟನ್‌ನಿಂದ ಬದಲಿಸಿಕೊಳ್ಳಬಹುದು. ಟ್ಯೂಬ್‌ಲೈಟ್ ಕೆಳಗೆ 1/100 ಅಥವಾ 1/50 ಸೆಕೆಂಡ್ ಇರಲಿ. ನಮ್ಮ ಕರೆಂಟ್ 50 ಹರ್ಟ್ಸ್, ಬೇರೆ ವೇಗ ಇಟ್ಟರೆ ಅಡ್ಡಪಟ್ಟೆಗಳು ಬರುತ್ತವೆ. ಇದು ಸಾಲುಸಾಲಾಗಿ ಓದುವ ಸೆನ್ಸರ್, ಓಡುವ ಬಸ್ಸು ವಾಲಿದಂತೆ ಬಂದರೆ ಗಾಬರಿಯಾಗಬೇಡಿ. ಚಿತ್ರ ತಲೆಕೆಳಗಾಗಿದ್ದರೆ ಕೋಡ್‌ನಲ್ಲೇ 180 ಡಿಗ್ರಿ ತಿರುಗಿಸಿ.

## ಹಂತ 8: ಬ್ಯಾಟರಿ ಮತ್ತು ಹೊಸ ಬಾಗಿಲು

ಮೊದಲು ಪವರ್ ಬ್ಯಾಂಕ್‌ನಲ್ಲೇ ಓಡಿಸಿ ನೋಡಿ. ಎಲ್ಲ ಸರಿಯಾದ ಮೇಲೆ ಒಳಗಿನ ಬ್ಯಾಟರಿಯ ಯೋಚನೆ. ರೀಲ್ ಕೂರುವ ಗೂಡು ಸುಮಾರು 25 ಮಿ.ಮೀ. ವ್ಯಾಸದ್ದು. 65 ಮಿ.ಮೀ. ಉದ್ದದ 18650 ಸೆಲ್ ಅಲ್ಲಿ ಹಿಡಿಸದು, 35 ಮಿ.ಮೀ. ಉದ್ದದ 18350 ಹಿಡಿಸುತ್ತದೆ. ಜೊತೆಗೆ ಸೆಲ್ಲಿನ ವೋಲ್ಟೇಜನ್ನು 5 ವೋಲ್ಟ್‌ಗೆ ಏರಿಸುವ ಬೂಸ್ಟ್ ಬೋರ್ಡ್ ಮತ್ತು ರಕ್ಷಣೆ ಇರುವ ಚಾರ್ಜರ್ ಬೋರ್ಡ್ ಬೇಕು. ಉಬ್ಬಿದ, ಬಿಸಿಯಾಗುವ, ಜಜ್ಜಿದ ಸೆಲ್ಲನ್ನು ಮುಖದ ಹತ್ತಿರ ಹಿಡಿಯುವ ಕ್ಯಾಮೆರಾದೊಳಗೆ ಇಡಬೇಡಿ. ಮೂಲ ಬಾಗಿಲು ಇನ್ನು ಮುಚ್ಚುವುದಿಲ್ಲ. ನಿಕಾನ್ ಎಫ್‌ಎಂನಂಥ ಬಾಡಿಗಳಲ್ಲಿ ಕೀಲಿನ ಪುಟ್ಟ ಪಿನ್ ಸರಿಸಿದರೆ ಬಾಗಿಲು ಕಳಚುತ್ತದೆ. ಅದನ್ನು ಕತ್ತರಿಸದೆ ಎತ್ತಿಡಿ, ಹೊಸದನ್ನು ಪ್ರಿಂಟ್ ಮಾಡಿಸಿ. ತೆಳುವಾದ ಕಪ್ಪು ಪ್ರಿಂಟ್ ಬಿಸಿಲಿಗೆ ಬೆಳಕು ಬಿಡುತ್ತದೆ, ಒಳಬದಿಗೆ ಮ್ಯಾಟ್ ಕಪ್ಪು ಬಣ್ಣ, ಅಂಚಿಗೆ ಕಪ್ಪು ಫೆಲ್ಟ್ ಇರಲಿ.

ರಿಬ್ಬನ್ ಕೇಬಲನ್ನು ಕಾಗದದಂತೆ ಮಡಿಸಬೇಡಿ, ದುಂಡಗೆ ಬಾಗಿಸಿ. ವ್ಯೂಫೈಂಡರಿನಲ್ಲಿ ಸೆನ್ಸರ್ ಹಿಡಿಯುವಷ್ಟು ಜಾಗವನ್ನು ಗುರುತು ಮಾಡಿಕೊಳ್ಳಿ: ಅಗಲದ ಮತ್ತು ಎತ್ತರದ ಐದನೇ ಒಂದು ಭಾಗಕ್ಕೂ ತುಸು ಕಡಿಮೆ, ನಡುಮಧ್ಯ. ಸ್ಪ್ಲಿಟ್ ಇಮೇಜ್ ವೃತ್ತ (ಫೋಕಸ್ ತಪ್ಪಿದಾಗ ಚಿತ್ರ ಎರಡು ತುಂಡಾಗಿ ಕಾಣುವ ನಡುವಿನ ವೃತ್ತ) ಇರುವ ಬಾಡಿಗಳಲ್ಲಿ ಹೆಚ್ಚುಕಡಿಮೆ ಆ ವೃತ್ತದ ಸುತ್ತಲಿನ ಜಾಗವೇ ನಿಮ್ಮ ಫ್ರೇಮ್.

## ಅಪಾಯದ ಮತ್ತು ತೊಂದರೆಯ ಲಕ್ಷಣಗಳು

ನಡುವೆ ಬಿಳಿ ಮಬ್ಬು, ಅಂಚು ಸರಿ. ಹೊಳೆಯುವ ಅಲ್ಯೂಮಿನಿಯಂ ತಟ್ಟೆ ಬೆಳಕು ಎರಚುತ್ತಿದೆ. ಸೆನ್ಸರ್ ಸುತ್ತ ಕಪ್ಪು ಕಾಗದದ ಕಿಟಕಿ ಮಾಡಿ.

ಎಲ್ಲ ಚಿತ್ರದಲ್ಲೂ ಒಂದೇ ಕಡೆ ಕಪ್ಪು ಚುಕ್ಕಿ. ಸೆನ್ಸರ್ ಮೇಲೆ ಧೂಳು. ಬ್ಲೋವರ್ ಮಾತ್ರ, ಬಟ್ಟೆ ಬೇಡ.

ನಿನ್ನೆ ಚೂಪಾಗಿತ್ತು, ಇವತ್ತು ಇಲ್ಲ. ಸ್ಕ್ರೂ ಸಡಿಲವಾಗಿದೆ. ಫೋಕಸ್ ಸರಿಯಾದ ದಿನವೇ ಸ್ಕ್ರೂ ತಲೆಗೆ ಒಂದು ಹನಿ ನೇಲ್ ಪಾಲಿಶ್ ಹಾಕಬೇಕಿತ್ತು. ಸೂಪರ್ ಗ್ಲೂ ಹಾಕಬೇಡಿ, ಅದರ ಆವಿ ಸೆನ್ಸರ್ ಗಾಜಿನ ಮೇಲೆ ಬಿಳಿ ಪೊರೆ ಕಟ್ಟುತ್ತದೆ.

ಕ್ಲಿಕ್ ಮಾಡಿದಾಗಲೆಲ್ಲ ಪೈ ರೀಸ್ಟಾರ್ಟ್. ವೋಲ್ಟೇಜ್ ಕುಸಿಯುತ್ತಿದೆ. ಬೂಸ್ಟ್ ಬೋರ್ಡ್ ಅಥವಾ ತೆಳು ತಂತಿ ಬದಲಿಸಿ.

ಬೂಟ್ ಆಗುತ್ತಲೇ ಇಲ್ಲ. ಓಡುತ್ತಿರುವಾಗಲೇ ಪವರ್ ಕಿತ್ತಿದ್ದರಿಂದ ಎಸ್‌ಡಿ ಕಾರ್ಡ್ ಕೆಟ್ಟಿರುವ ಸಂಭವ ಹೆಚ್ಚು. ಪುಶ್ ಬಟನ್ನನ್ನು ಐದು ಸೆಕೆಂಡ್ ಒತ್ತಿ ಹಿಡಿದರೆ ಶಟ್‌ಡೌನ್ ಆಗುವಂತೆ ಕೋಡ್‌ನಲ್ಲಿ ಸೇರಿಸಿ, ಪೈ ಬೋರ್ಡಿನ ಮೇಲಿನ ಎಲ್‌ಇಡಿ ಆರಿದ ಮೇಲಷ್ಟೇ ಪವರ್ ತೆಗೆಯಿರಿ. ಎಲ್ಲ ಕೆಲಸ ಮಾಡಿದ ದಿನ ಕಾರ್ಡಿನ ಒಂದು ಪೂರ್ತಿ ನಕಲನ್ನು ಕಂಪ್ಯೂಟರಿನಲ್ಲಿ ಇಟ್ಟುಕೊಂಡಿದ್ದರೆ ಹೊಸ ಕಾರ್ಡಿಗೆ ಅದನ್ನು ಬರೆದು ಮತ್ತೆ ಶುರು ಮಾಡಬಹುದು.